ಹುಣಸೆಹಣ್ಣು ತಿಕ್ಕಿದ ಬಂಪರ್

ಅವರ ಬಲಗೈ ತೋರುಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದವಾಗಿತ್ತು. ಅದಕ್ಕೆ ಹಳೆ ಬನಿಯನ್ನಿನ ತುಂಡು ಸುತ್ತಿ, ಹೆಡ್‌ಲೈಟಿನ ಸುತ್ತ ಇರುವ ಕ್ರೋಮ್ ಬಳೆಗೂ ಕಾರಿನ ಬಾಡಿಗೂ ನಡುವಿನ ಸಂದಿಗೆ ತೂರಿಸಿ ಎಳೆದರೆ ಬಟ್ಟೆಯ ತುದಿಯಲ್ಲಿ ಕಪ್ಪು ಗೆರೆ ಮೂಡುತ್ತಿತ್ತು. ಆ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ, ಕಳ್ಳನನ್ನು ಹಿಡಿದ ಪೊಲೀಸಿನವರ ಹಾಗೆ ಒಮ್ಮೆ ‘ಹ್ಞೂಂ’ ಅಂದು, ಮುಂದಿನ ಸಂದಿಗೆ ಹೋಗುತ್ತಿದ್ದರು.

ಅವರು ತಿರುವನಂತಪುರದ ನಮ್ಮ ಕೇಂದ್ರ ಸರ್ಕಾರಿ ಕಚೇರಿಯ ಡ್ರೈವರ್. ಕಾರು ಹಳೆಯದೊಂದು ಬಿಳಿ ಅಂಬಾಸಡರ್. ತೊಂಬತ್ತರ ದಶಕದ ನಡುವೆ ನಾನು ಮೈಸೂರಿನಿಂದ ವರ್ಗವಾಗಿ ಅಲ್ಲಿಗೆ ಹೋದಾಗ ಡ್ರೈವರಿಗೂ ಕಾರಿಗೂ ವಯಸ್ಸಾಗಿತ್ತು. ಅವರ ನಿವೃತ್ತಿಗೆ ನಾಲ್ಕು ವರ್ಷ ಬಾಕಿ. ಕಾರಿನ ನಿವೃತ್ತಿ ಮೇಲಿನವರ ಕೈಯಲ್ಲಿತ್ತು. ಕಚೇರಿಗೆಲ್ಲ ಅವರು ‘ಚೇಟ್ಟನ್’, ಅಂದರೆ ಅಣ್ಣ. ಕಾಸರಗೋಡಿನ ಕಡೆಯವರು, ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು ಎಂದು ತಿಳಿದ ದಿನದಿಂದ ನನಗೆ ಮಾತ್ರ ‘ಡ್ರೈವರಣ್ಣ’ ಆದರು. ವಾಹನಗಳ ಕಡತ ನನ್ನ ಮೇಜಿನಲ್ಲಿದ್ದುದರಿಂದ ದಿನಕ್ಕೆ ನಾಲ್ಕು ಸಲವಾದರೂ ಕನ್ನಡ ಕೇಳುವ ಭಾಗ್ಯ ನನ್ನದಾಗಿತ್ತು.

ಒಂದು ಕಡೆ ಕೂರುವ ಜನ್ಮವಲ್ಲ ಅವರದು. ಸಾಹೇಬರು ಮೀಟಿಂಗಿನಲ್ಲಿರುವಾಗ ಬೇರೆ ಡ್ರೈವರುಗಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದರು. ಇವರು ಬಂಪರಿನಿಂದ ಗ್ರಿಲ್ಲಿಗೆ, ಗ್ರಿಲ್ಲಿನಿಂದ ಬಾಗಿಲ ಹಿಡಿಗೆ, ಅಲ್ಲಿಂದ ವೀಲ್ ಕ್ಯಾಪಿಗೆ ಸುತ್ತುತ್ತಲೇ ಇರುತ್ತಿದ್ದರು. ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಬಂಪರಿನ ಮೇಲೆ ಮತ್ತೆ ಧೂಳು ಕೂತಿರುತ್ತಿತ್ತು. “ಸ್ವಲ್ಪ ಕೂತ್ಕೊಳ್ಳಿ ಅಣ್ಣ” ಎಂದರೆ, “ತುಕ್ಕು ಕೂತ್ಕೊಳ್ಳುದಿಲ್ಲ ಮೇಡಂ, ಮತ್ತೆ ನಾನು ಕೂತ್ರೆ ಹೇಗೆ?” ಎನ್ನುತ್ತಿದ್ದರು. ಕಡಲ ಗಾಳಿಗೆ ಹಲ್ಲುಂಟು ಎಂಬುದು ಅವರ ಇನ್ನೊಂದು ಮಾತು. ಕಡಲ ದಂಡೆಯಲ್ಲಿರುವ ತುಂಬ ಎಂಬ ಊರಿಗೆ ಹೋಗಿ ಬಂದ ದಿನವಂತೂ ಕಾರು ಶೆಡ್ಡಿಗೆ ಹೋಗುವ ಮೊದಲು ಸ್ನಾನ ಆಗಲೇಬೇಕು.

ಆ ಸ್ನಾನಕ್ಕೂ ಒಂದು ಕ್ರಮವಿತ್ತು. ಮೊದಲು ಬರೀ ನೀರು. ಒಣ ಬಟ್ಟೆ ಮುಟ್ಟಿಸಿದರೆ ಧೂಳೇ ಗೀರು ಹಾಕುತ್ತದೆ. ಆಮೇಲೆ ಸೋಪಿನ ನೀರು. ತುಕ್ಕಿನ ಚುಕ್ಕೆ ಕಂಡರೆ, ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದವನ್ನು ನೀರಿಗೆ ಅದ್ದಿ, ಮುದ್ದೆ ಮಾಡಿ, ಮಗುವಿನ ಕೆನ್ನೆ ಒರೆಸುವ ಹಾಗೆ ಉಜ್ಜಬೇಕು. ಅವರು ಸಿಗರೇಟು ಮುಟ್ಟಿದವರಲ್ಲ. ಗುಮಾಸ್ತರೆಲ್ಲ ಖಾಲಿ ಪ್ಯಾಕುಗಳನ್ನು ಅವರಿಗೆ ಕಾಣಿಕೆ ಒಪ್ಪಿಸುತ್ತಿದ್ದರು. ಕೊನೆಗೆ ತೆಳ್ಳಗೆ ಮೇಣ. “ಈ ಬಂಪರು ಬೆಳ್ಳಿ ಅಲ್ಲ ಮೇಡಂ, ಬೆಳ್ಳಿ ಅಂಗಿ ಹಾಕಿದ ಕಬ್ಬಿಣ. ಅಂಗಿ ಹರಿದ್ರೆ ಹೊಲೀಲಿಕ್ಕೆ ಆಗುದಿಲ್ಲ” ಎಂದು ನನಗೆ ಪಾಠ ಹೇಳಿದ್ದರು.

ನನಗೂ ಅಲ್ಲಿ ಕಾಲು ನಿಲ್ಲುತ್ತಿರಲಿಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಮೈಸೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೆ. ಕೊಚ್ಚಿಯ ಮೇಲ್ಕಚೇರಿಯಿಂದ ಟಪಾಲು ಬಂದಾಗಲೆಲ್ಲ ಎದ್ದು ಹೋಗಿ ಲಕೋಟೆಗಳನ್ನು ನಾನೇ ಮೊದಲು ನೋಡುತ್ತಿದ್ದೆ. ಕಳಕ್ಕೂಟಂನ ಬಾಡಿಗೆ ಮನೆಯಲ್ಲಿ ಎರಡು ವರ್ಷವಾದರೂ ಪಾತ್ರೆಗಳ ಒಂದು ಪೆಟ್ಟಿಗೆಯನ್ನು ನಾನು ಬಿಚ್ಚಿರಲೇ ಇಲ್ಲ.

ಎರಡನೇ ವರ್ಷದ ನವರಾತ್ರಿಗೆ ಅಮ್ಮ ಮೈಸೂರಿನಿಂದ ಬಂದಳು. ಅಷ್ಟಮಿಯ ಸಂಜೆ ನಾನು ಕೊಚ್ಚಿಯಲ್ಲಿ ಕೆಲಸ ಮುಗಿಸಿ ಕಚೇರಿಯ ಕಾರಿನಲ್ಲಿ ಮನೆಗೆ ಬಂದಿಳಿದಾಗ ಬಾಗಿಲಲ್ಲೇ ನಿಂತಿದ್ದಳು. ಡ್ರೈವರಣ್ಣನನ್ನು ಒಳಗೆ ಕರೆದು ಬಿಸಿಬೇಳೆ ಬಾತು ಬಡಿಸಿದಳು. ಎಷ್ಟೋ ದಿನದ ಮೇಲೆ ಕನ್ನಡದಲ್ಲಿ “ಇನ್ನೊಂಚೂರು ಹಾಕ್ಕೊಳಪ್ಪ” ಎಂದು ಹೇಳಿಸಿಕೊಂಡು ಆ ಮನುಷ್ಯ ಕರಗಿಹೋದರು. ಅಮ್ಮ ಸಮಯ ನೋಡಿ ಮಾತು ತೆಗೆದಳು.

“ಆಯುಧಪೂಜೆಗೆ ಒಂದು ಗಾಡಿ ಇಲ್ದೆ ಇದ್ದ ವರ್ಷ ನಮ್ಮನೇಲಿ ಇಲ್ಲ ಕಣಪ್ಪ. ಇವಳಪ್ಪನ ಸ್ಕೂಟರಾದ್ರೂ ಇರೋದು. ಇಲ್ಲಿ ಬರೀ ಈಳಿಗೆಮಣೆಗೆ ಕುಂಕುಮ ಇಡ್ಲಾ? ಈ ಕಾರು ಒಂದು ದಿನ ಇಲ್ಲೇ ಇರ್ಲಿ.”

ಅವರು ನನ್ನ ಮುಖ ನೋಡಿದರು. “ಶೆಡ್ಡಿಗೆ ಹಾಕದೆ ಬಿಡ್ಲಿಕ್ಕೆ ರೂಲ್ ಇಲ್ಲ ಮೇಡಂ” ಎಂದರು.

“ನಾನಿದ್ದೀನಲ್ಲ ಅಣ್ಣ, ಏನಾದ್ರೂ ಬಂದ್ರೆ ನಾನು ನೋಡ್ಕೋತೀನಿ” ಎಂದೆ. ಅಷ್ಟು ಸಾಕಾಯಿತು. ಕೀಲಿ ನನ್ನ ಕೈಗಿಟ್ಟು ಬಸ್ಸಿನಲ್ಲಿ ಹೋದರು.

ಕೇರಳದಲ್ಲಿ ಅಷ್ಟಮಿಯ ಸಂಜೆ ಪುಸ್ತಕ, ಉಪಕರಣಗಳನ್ನೆಲ್ಲ ಪೂಜೆಗಿಟ್ಟರೆ ವಿಜಯದಶಮಿಯ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವುದಿಲ್ಲ. ಡ್ರೈವರಣ್ಣ ಅದನ್ನು ಕಟ್ಟುನಿಟ್ಟಾಗಿ ನಡೆಸುವವರು. ವರ್ಷದಲ್ಲಿ ಆ ಒಂದೇ ದಿನ ಅವರ ಕೈ ಬಟ್ಟೆ ಹಿಡಿಯುತ್ತಿರಲಿಲ್ಲ. ಹಾಗಾಗಿ ನವಮಿಯ ದಿನ ಅವರು ಕಾರಿನ ಹತ್ತಿರ ಬರಲಿಲ್ಲ. ನಮ್ಮ ಮನೆಯ ಪದ್ಧತಿ ಬೇರೆ. ಪೂಜೆಗೆ ಮೊದಲು ಬೆಳಗದ ವಸ್ತುವೇ ಇರಬಾರದು. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ದೇವರ ದೀಪಗಳಿಗೆ ಕಲಸುವ ಹದದಲ್ಲೇ ಹುಣಸೆಹಣ್ಣು, ಉಪ್ಪು, ಇಟ್ಟಿಗೆ ಪುಡಿ ಕಲಸಿ, ತೆಂಗಿನ ನಾರಿನಿಂದ ಮುಂದಿನ ಬಂಪರು, ಹಿಂದಿನ ಬಂಪರು, ಹೆಡ್‌ಲೈಟಿನ ಬಳೆಗಳು, ನಾಲ್ಕು ವೀಲ್ ಕ್ಯಾಪು ಎಲ್ಲವನ್ನೂ ತಿಕ್ಕಿ ಮುಗಿಸಿದ್ದಳು. ಎರಡು ಚೊಂಬು ನೀರು ಚೆಲ್ಲಿ, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿದ್ದೂ ಆಗಿತ್ತು. ಕಾರು ಫಳಫಳ ಹೊಳೆಯುತ್ತಿತ್ತು. ಪಾಠ ಕೇಳಿಸಿಕೊಂಡಿದ್ದ ನಾನೂ ಆ ಹೊಳಪಿಗೆ ಮರುಳಾಗಿ, “ಎಷ್ಟು ಚೆನ್ನಾಗಿದೆ ಅಮ್ಮ!” ಎಂದೆ. ಸಂದಿಗಳಲ್ಲಿ ಉಪ್ಪು ಹುಳಿ ಹಾಗೇ ಉಳಿದು, ಕಾರು ಇಡೀ ದಿನ ಅಂಗಳದಲ್ಲಿ ನಿಂತಿತು.

ದಶಮಿಯ ಬೆಳಿಗ್ಗೆ ಅವರು ಬಂದರು. ಗೇಟು ದಾಟಿದವರು ಅಲ್ಲೇ ನಿಂತರು. ಹತ್ತಿರ ಬಂದು, ಬಂಪರಿನ ಮೇಲೆ ಬೆರಳೆಳೆದು, ಬಗ್ಗಿ ಓರೆಯಾಗಿ ನೋಡಿದರು. ನಾನೂ ಬಗ್ಗಿದೆ. ಆಗ ಕಂಡಿತು: ಉದ್ದಕ್ಕೂ ಜೇಡರ ಬಲೆಯಷ್ಟು ಸಣ್ಣ ಗೀರುಗಳು. ಅಷ್ಟರಲ್ಲಿ ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, “ಹೇಗಿದೆಯಪ್ಪ?” ಎಂದಳು.

“ಚಂದ ಆಗಿದೆ ಅಮ್ಮ” ಎಂದರು ಅವರು. ಅಮ್ಮ ಕೊಟ್ಟ ಒಬ್ಬಟ್ಟನ್ನು ನಿಂತೇ ತಿಂದರು. ಅವಳು ಒಳಗೆ ಹೋದ ಮೇಲೆ ಬಕೆಟ್ಟಿನ ಮೇಲೆ ಬಕೆಟ್ಟು ನೀರು ಹೊಯ್ದರು. ಎಷ್ಟು ಹೊಯ್ದರೂ ಸಮಾಧಾನವಿಲ್ಲ. ಕೊನೆಗೆ ನನ್ನತ್ತ ತಿರುಗಿ, “ಇಟ್ಟಿಗೆ ಹುಡಿ ಹಾಕಿದ್ದಾರಲ್ವಾ? ಅಮ್ಮನಿಗೆ ಗೊತ್ತಾಗುದು ಬೇಡ ಮೇಡಂ. ಪಾಪ, ದೇವರ ಪಾತ್ರೆ ಅಂತ ಎಣಿಸಿ ಮಾಡಿದ್ದು” ಎಂದರು.

ಹದಿನೈದು ದಿನದಲ್ಲಿ ಗೀರುಗಳ ಉದ್ದಕ್ಕೆ ಕಂದು ಚುಕ್ಕೆ ಎದ್ದವು. ಆಮೇಲಿನ ಎರಡು ತಿಂಗಳು ಅವರನ್ನು ನೋಡಲು ಆಗುತ್ತಿರಲಿಲ್ಲ. ಊಟದ ಡಬ್ಬಿ ತೆರೆದು ಎರಡು ತುತ್ತು ತಿಂದು, ಮುಚ್ಚಿಟ್ಟು, ಬೆಳ್ಳಿ ಕಾಗದ ಹಿಡಿದು ಓಡುತ್ತಿದ್ದರು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಕೆಲವು ಕಡೆ ಪದರವೇ ಎದ್ದು ಬಂತು. ಅಮ್ಮ ಆಗಲೇ ಮೈಸೂರಿಗೆ ಮರಳಿದ್ದಳು.

ಆ ಹೊತ್ತಿಗೇ ಕೊಚ್ಚಿಯಿಂದ ಕಾಗದ ಬಂತು: ಹಳೆಯ ವಾಹನಗಳ ತಪಾಸಣೆಯಿದೆ, ಕಾರು ತನ್ನಿ. ಕಾರು ಪಾಸಾದರೆ ಡ್ರೈವರಣ್ಣ ನಿವೃತ್ತಿಯವರೆಗೆ ಅದನ್ನೇ ಓಡಿಸಬಹುದು. ಇಲ್ಲವಾದರೆ ಬಾಡಿಗೆ ಕಾರು ಬರುತ್ತದೆ, ಅದರ ಡ್ರೈವರೂ ಜೊತೆಗೇ ಬರುತ್ತಾನೆ. ಇವರು ಕಚೇರಿಯೊಳಗೆ ಕುರ್ಚಿ ಹಿಡಿಯಬೇಕು. ಕುರ್ಚಿ! ಅವರಿಗೆ ಅದಕ್ಕಿಂತ ಜೈಲೇ ವಾಸಿ. ಕಡತ ಹಿಡಿದು ನಾನೂ ಜೊತೆಗೆ ಹೊರಟೆ. ದಾರಿಯುದ್ದಕ್ಕೂ ಅವರು ಸ್ಟಿಯರಿಂಗಿನ ಮೇಲೆ ಬೆರಳು ಕುಟ್ಟುತ್ತಲೇ ಇದ್ದರು. “ಇಂಜಿನ್ ಒಳ್ಳೇದುಂಟು ಮೇಡಂ, ಇಂಜಿನ್ ಒಳ್ಳೇದುಂಟು” ಎಂದು ಹತ್ತು ಸಲವಾದರೂ ಹೇಳಿದರು.

ಇಂಜಿನ್ ಒಳ್ಳೆಯದೇ ಇತ್ತು. ತಪಾಸಣೆಯ ಇಂಜಿನಿಯರೂ ಅದನ್ನೇ ಹೇಳಿದರು, ಇನ್ನೆರಡು ವರ್ಷ ಧಾರಾಳವಾಗಿ ಓಡುತ್ತದೆ ಎಂದರು. ಆಮೇಲೆ ಬಂಪರಿನ ಮುಂದೆ ಕೂತು ಬಹಳ ಹೊತ್ತು ನೋಡಿದರು. “ಇದು ಗಾಳಿಗೆ ಬಂದ ತುಕ್ಕಲ್ಲ, ಯಾರೋ ಉಜ್ಜಿ ಹಾಳುಮಾಡಿದ್ದು. ಕಾರಿನ ಮೈ ನೋಡಿಕೊಳ್ಳಲು ಬಾರದ ಡ್ರೈವರಿಗೆ ಮತ್ತೆ ಕಾರು ಯಾಕೆ? ಯಾರು ಮಾಡಿದ್ದು?” ಎಂದು ಮಲಯಾಳದಲ್ಲಿ ಕೇಳಿದರು. ಕೇಳಿ, ಮೊದಲು ನನ್ನನ್ನೇ ನೋಡಿದರು.

ಕಡತವನ್ನು ಎದೆಗವಚಿಕೊಂಡು ನಿಂತಿದ್ದೆ. ಹೇಳಬೇಕಾದ್ದು ಎರಡೇ ವಾಕ್ಯ. ಆದರೆ ಹೇಳಿದರೆ ಕಾರು ನಿಯಮ ಮೀರಿ ನನ್ನ ಮನೆಯಲ್ಲಿ ನಿಂತಿದ್ದೂ ಹೇಳಬೇಕು. ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ ನನ್ನ ವರ್ಗದ ಅರ್ಜಿ ಸಹಿಗೆ ಕಾದು ಕೂತಿತ್ತು. ನಾನು ಕಡತದ ದಾರ ಬಿಚ್ಚಿದೆ, ಮತ್ತೆ ಕಟ್ಟಿದೆ.

“ಞಾನ್ ತನ್ನೆ, ಸಾರ್” ಎಂದರು ಡ್ರೈವರಣ್ಣ. ನಾನೇ ಮಾಡಿದ್ದು ಎಂದು.

ಮೂವತ್ತು ವರ್ಷ ಆ ಕೆಲಸವನ್ನು ದೇವರ ಕೆಲಸದ ಹಾಗೆ ಮಾಡಿದ ಮನುಷ್ಯ ಅಷ್ಟು ಜನರೆದುರು ತನಗೆ ಕೆಲಸ ಬಾರದು ಎಂದು ಒಪ್ಪಿಕೊಂಡರು. ವಾಪಸು ಬರುವಾಗ ಆಲಪ್ಪುಳದಲ್ಲಿ ಚಹಾಕ್ಕೆ ನಿಲ್ಲಿಸಿದರು. ನಾನು ಸೆಖೆಯ ಬಗ್ಗೆ ಮಾತಾಡಿದೆ, ಊರಿನ ರೈಲಿನ ಬಗ್ಗೆ ಮಾತಾಡಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಸದ್ಯ ಪಾರಾದೆ ಎಂದು ಆಗ ಅನ್ನಿಸಿತ್ತು.

ಕಾರು ಹೋಯಿತು. ಅವರನ್ನು ಟಪಾಲು ವಿಭಾಗಕ್ಕೆ ಹಾಕಿದರು, ಲಕೋಟೆಗಳಿಗೆ ಗೋಂದು ಹಚ್ಚಲು. ಅರ್ಧ ಗಂಟೆಗೊಮ್ಮೆ ಎದ್ದು ಜಗುಲಿಗೆ ಹೋಗಿ ಖಾಲಿ ಶೆಡ್ಡು ನೋಡಿ ಬರುತ್ತಿದ್ದರು. ಅಲ್ಲಿನ ಮೇಲ್ವಿಚಾರಕ ಅದಕ್ಕೂ ತಗಾದೆ ತೆಗೆದ. ನನ್ನ ಮೇಜಿನ ಮುಂದೆ ಹಾದುಹೋಗುವಾಗ ಮೊದಲಿನ ಹಾಗೇ “ಎಂತ ಮೇಡಂ, ಊಟ ಆಯ್ತಾ?” ಎನ್ನುತ್ತಿದ್ದರು. ಕೋಪ ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು.

ನನಗೆ ವರ್ಗ ಸಿಕ್ಕಿತು. ಹೊರಡುವ ದಿನ ಅವರು ಸ್ಟೇಷನ್ನಿಗೆ ಬಂದು ನನ್ನ ಪೆಟ್ಟಿಗೆಗಳನ್ನು ಸೀಟಿನಡಿಗೆ ತಳ್ಳಿ ಪ್ಲಾಟ್‌ಫಾರ್ಮಿಗಿಳಿದರು. ಕಿಟಕಿಯ ಸರಳು ಹಿಡಿದು, “ಅಣ್ಣ, ಕೊಚ್ಚಿಯಲ್ಲಿ ಅವತ್ತು ನಾನು ಹೇಳಬೇಕಿತ್ತು” ಎಂದೆ.

ಇಲ್ಲ ಬಿಡಿ ಮೇಡಂ ಎನ್ನುತ್ತಾರೆಂದು ಕಾದೆ. ಅವರು ಹಾಗೆನ್ನಲಿಲ್ಲ.

“ಹೌದು ಮೇಡಂ, ಹೇಳ್ಬೇಕಿತ್ತು” ಎಂದರು. “ಅಮ್ಮನ ಹೆಸರು ಅಲ್ಲಿ ಬರುದು ಬೇಡ ಅಂತ ನಾನು ಒಪ್ಪಿಕೊಂಡದ್ದು. ನಿಮಗೋಸ್ಕರ ಅಲ್ಲ. ಕಾರು ಮನೆಯಲ್ಲಿ ನಿಲ್ಲಿಸಿದ್ದು ನಾನು ಅಂತ ಆದ್ರೂ ನೀವು ಹೇಳ್ತೀರಿ ಅಂತ ಎಣಿಸಿದ್ದೆ. ಆಲಪ್ಪುಳದಲ್ಲಿ ಚಾ ಕುಡಿವಾಗ ಸಹ ಕಾದೆ. ಮತ್ತೆ ಬಿಟ್ಟೆ.” ರೈಲು ಹೊರಡಲು ಇನ್ನೂ ಹೊತ್ತಿತ್ತು. ಅವರು ನಿಲ್ಲಲಿಲ್ಲ.

ನಿವೃತ್ತಿಯಾಗಿ ಊರಿಗೆ ಹೋದ ಮರುವರ್ಷವೇ ಅವರು ತೀರಿಕೊಂಡರೆಂದು ಹಳೆಯ ಸಹೋದ್ಯೋಗಿಯೊಬ್ಬರು ಮೈಸೂರಿಗೆ ಕಾಗದ ಬರೆದಿದ್ದರು. ನಾನು ಓದಿ ಹೇಳಿದೆ. ಅಮ್ಮ ಬಿಡಿಸುತ್ತಿದ್ದ ಅವರೆಕಾಯಿ ಬದಿಗಿಟ್ಟು ಕಣ್ಣೊರೆಸಿಕೊಂಡಳು.

“ಆ ಕಾರು ಅಂದ್ರೆ ಪ್ರಾಣ ಬಿಡ್ತಿದ್ದ ಪಾಪ. ಕೊನೇವರೆಗೂ ಅದನ್ನೇ ಓಡಿಸಿದ್ನೇನೇ?” ಎಂದು ಕೇಳಿದಳು.

“ಹ್ಞೂಂ ಅಮ್ಮ, ಕೊನೇವರೆಗೂ” ಎಂದೆ.