ಸುಖದ ಮೇಲೆ ಉಪನ್ಯಾಸ

“ಸರ್, ಸಾಹಿತ್ಯ ಬಳಗದ ಹಾಲ್ ಎಲ್ಲಿ ಬರುತ್ತೆ?” ದೇಶದೇಶ ಅಲೆದವಳಿಗೆ ಗವಿಪುರದ ಅಡ್ಡರಸ್ತೆಗಳು ಕೈಕೊಟ್ಟಿದ್ದವು. ಹೋಟೆಲಿನ ಮುಂದೆ ನಿಂತಿದ್ದ ಹಿರಿಯರನ್ನು ಕೇಳಿದೆ.

“ಅಯ್ಯೋ, ಅಲ್ಲಿಗ್ಯಾಕಮ್ಮಾ? ಯಾರೋ ಸುಖದ ಬಗ್ಗೆ ಉಪನ್ಯಾಸ ಕೊಡ್ತಾರಂತೆ. ಮುಗಿಯೋ ತನಕ ಉಪ್ಪಿಟ್ಟು ಕೊಡಲ್ಲ. ಬೈ-ಟೂ ಕಾಫಿ ಹೇಳ್ತೀನಿ, ಅರ್ಧ ನೀವು ಕುಡೀರಿ.”

“ಆ ಯಾರೋ ನಾನೇ ಸರ್.”

ಅವರೇನೂ ನಾಚಲಿಲ್ಲ. “ಹಂಗಾದ್ರೆ ಕಾಫಿ ಬೇಕೇ ಬೇಕು. ನಾನು ಅಧ್ಯಕ್ಷ. ನಿಮ್ಮ ಮಾತಿನ ಮೇಲೆ ಒಂದು ಗಂಟೆ ಮಾತಾಡ್ಬೇಕು. ಏನ್ ಹೇಳ್ತೀರಿ, ಸ್ವಲ್ಪ ಹೇಳಿ.”

ನನ್ನ ಸಂಕಟವೂ ಅದೇ. ವಾರವಿಡೀ ತತ್ತ್ವಶಾಸ್ತ್ರ ಓದಿದರೂ ಹೇಳುವಂಥದ್ದೇನೂ ಹೊಳೆದಿರಲಿಲ್ಲ. ಸಭೆಯಲ್ಲಿ ಮಾನ ಹೋಗುತ್ತದೆಂದು ರಾತ್ರಿ ನಿದ್ದೆಯೂ ಬಂದಿರಲಿಲ್ಲ.

“ಸುಖ ಅಂದ್ರೆ ಏನೋ ನಂಗೆ ಗೊತ್ತಿಲ್ಲ ಸರ್,” ಎಂದೆ.

“ಸದ್ಯ! ನಂಗೂ ಗೊತ್ತಿಲ್ಲ. ಅಷ್ಟೇ ಹೇಳ್ಬಿಡಿ, ನಾನು ‘ಹೌದು’ ಅಂತೀನಿ.”

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅರ್ಧರ್ಧ ಕಾಫಿ ಕುಡಿದ ಮೇಲೆ ಹಾಲ್‌ಗೆ ಅವರೇ ಕರೆದೊಯ್ದರು. ನಾನು ಗೊತ್ತಿಲ್ಲವೆಂದು ಒಪ್ಪಿಕೊಂಡು ಕೂತೆ. ಅಧ್ಯಕ್ಷರು ಎದ್ದು “ಹೌದು” ಎಂದು ಕೂತರು. ಮಂತ್ರಿಗಳಿಗೂ ಸಿಗದಂಥ ಚಪ್ಪಾಳೆ ಬಿತ್ತು. ಉಪ್ಪಿಟ್ಟು ಇನ್ನೂ ಬಿಸಿಯಾಗಿತ್ತು.

ವಾರವಿಡೀ ಓದಿದ ತತ್ತ್ವಜ್ಞಾನಿಗಳ ಋಣ ಈ ಜನ್ಮದಲ್ಲಿ ತೀರುವುದಿಲ್ಲ. ಅಧ್ಯಕ್ಷರದ್ದನ್ನು ಮಾತ್ರ ಅಂದೇ, ಪೂರ್ತಿ ಲೋಟ ಕಾಫಿ ಕೊಡಿಸಿ ತೀರಿಸಿದೆ.