ಸಮಾಧಾನ ನಗರದ ಕಮಾನು

ಕೋವಿಡ್ ಗದ್ದಲ ಅಡಗಿದ ಮೇಲಿನ ಮೊದಲ ಬೇಸಿಗೆ ಅದು. ಉಮರೇಡ್ ಕಡೆಯ ಕಲ್ಲಿದ್ದಲು ಗಣಿಗಳಲ್ಲಿ ಪರಿಸರ ಇಂಜಿನಿಯರಾಗಿ ದುಡಿದು ನಿವೃತ್ತಳಾಗಿದ್ದೆ. ಮನೆಯಲ್ಲಿ ಕೂತು ತುಕ್ಕು ಹಿಡಿಯುವುದು ಬೇಡವೆಂದು ನಾಗಪುರದ ಹೊರವಲಯದ ಒಂದು ಕಸ ಸಂಸ್ಕರಣಾ ಘಟಕದಲ್ಲಿ ಸಮುದಾಯ ನಿಧಿಯ ಸಂಯೋಜಕಿಯಾಗಿ ಸೇರಿಕೊಂಡೆ. ಹುದ್ದೆಯ ಹೆಸರು ದೊಡ್ಡದು, ಕೋಣೆ ಚಿಕ್ಕದು. ಕೂಲರ್ ಇತ್ತು, ಅದಕ್ಕೆ ನೀರು ತುಂಬುವವರು ಇರಲಿಲ್ಲ.

ಈ ನಿಧಿ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಘಟಕಕ್ಕೆ ಬರುವ ಪ್ರತಿಯೊಂದು ಕಸದ ಲಾರಿಯನ್ನು ಗೇಟಿನಲ್ಲೇ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಾರೆ. ಕಸ ಸುರಿಯಲು ಬಂದವರು ತೂಕಕ್ಕೆ ತಕ್ಕಂತೆ ಕಟ್ಟುವ ಶುಲ್ಕಕ್ಕೆ ಟಿಪ್ಪಿಂಗ್ ಫೀ ಎಂದು ಹೆಸರು. ಅದರಲ್ಲೊಂದು ಸಣ್ಣ ಪಾಲು ಪಕ್ಕದ ಬಸ್ತಿಗೆ, ಅಂದರೆ ಬಡವರ ಕೇರಿಗೆ, ಮೀಸಲು. ಇಡೀ ಊರಿನ ನಾತ, ನೊಣ, ಲಾರಿಗಳ ಧೂಳು ಸಹಿಸುವವರು ಅಲ್ಲಿನ ಜನ. ಹಾಗಾಗಿ ಆ ಹಣದಿಂದ ಏನು ಮಾಡಬೇಕೆಂದು ತೀರ್ಮಾನಿಸುವವರೂ ಅವರೇ. ನಾನು ಸಭೆ ಕರೆಯಬೇಕು, ಅಂದಾಜುಪಟ್ಟಿ ಮಾಡಿಸಬೇಕು, ಕೆಲಸ ನೆಟ್ಟಗೆ ನಡೆಯಿತೇ ಎಂದು ನೋಡಬೇಕು. ಮತ ಹಾಕುವ ಹಕ್ಕು ನನಗಿಲ್ಲ.

ಬಸ್ತಿಯ ಹೆಸರು ಸಮಾಧಾನ ನಗರ. ನಿಧಿ ಸಮಿತಿಯ ಅಧ್ಯಕ್ಷೆ ಶಾಂತಾಬಾಯಿ ಹುಟ್ಟಿದ್ದು ಅಕ್ಕಲಕೋಟೆ ಕಡೆ, ಮದುವೆಯಾಗಿ ನಾಗಪುರ ಸೇರಿದವರು. ಅವರ ಕನ್ನಡದಲ್ಲಿ ಅರ್ಧಕ್ಕರ್ಧ ಮರಾಠಿ. ಮೊದಲ ಸಭೆಯಲ್ಲಿ ನಾವಿಬ್ಬರೂ ಕನ್ನಡದಲ್ಲೇ ಜಗಳ ಶುರು ಮಾಡಿದಾಗ ಉಳಿದವರು ಸಿನಿಮಾ ನೋಡುವ ಹಾಗೆ ಬಾಯಿ ಬಿಟ್ಟು ಕೂತಿದ್ದರು.

ಜಗಳ ಕಮಾನಿನ ಬಗ್ಗೆ. ನಾಗಪುರದಲ್ಲಿ ಬಸ್ತಿ ಎಂದ ಮೇಲೆ ಅದರ ಬಾಯಲ್ಲಿ ಹೆಸರು ಬರೆದ ಒಂದು ಕಮಾನು ಇದ್ದೇ ಇರುತ್ತದೆ. ಸಮಾಧಾನ ನಗರಕ್ಕೆ ಇರಲಿಲ್ಲ. ನಾನು ಗಟಾರ ಎಂದೆ, ನೀರಿನ ಪೈಪು ಎಂದೆ. ಶಾಂತಾಬಾಯಿ ಕಮಾನು ಬಿಟ್ಟು ಕದಲಲಿಲ್ಲ.

“ಅಕ್ಕಾರ, ಆಟೋದಾಗ ಕೂತು ಸಮಾಧಾನ ನಗರ ಅಂದ್ರ ಯಾರಿಗೂ ತಿಳಿಯಂಗಿಲ್ಲ. ಕಚರಾ ಡಿಪೋ, ಕಸದ ಡಿಪೋ ಅಂದ್ರ ಬರೋಬರ್ ತಂದು ಇಳಸ್ತಾರ. ನನ್ನ ಮಗಳನ್ನ ನೋಡಾಕ ಬಂದವ್ರು ಆ ಹೆಸರು ಕೇಳೇ ಚಹಾ ಸುದ್ದಾ ಕುಡೀಲಾರದ ಎದ್ದು ಹೋದ್ರು.”

“ಕಮಾನು ಕಟ್ಟಿದ್ರ ನಾತ ಹೋಗ್ತದೇನ್ರಿ?” ಎಂದು ಸಿಡುಕಿದೆ.

“ನಾತ ಹೋಗಂಗಿಲ್ಲ. ಹೆಸರರ ಬರ್ತದ.”

ಕೈ ಎತ್ತಿಸಿದಾಗ ಎಲ್ಲ ಕೈಗಳೂ ಕಮಾನಿನ ಕಡೆಗೇ. ಎರಡು ದಪ್ಪ ಕಂಬ, ಮೇಲೊಂದು ಕಾಂಕ್ರೀಟ್ ತೊಲೆ, ಅದರ ಮೇಲೆ ನೀಲಿ ಟೈಲ್ಸಿನ ಅಕ್ಷರ. ನೆಲದಿಂದ ಹದಿನಾಲ್ಕು ಅಡಿ ಎತ್ತರ, ಯಾವ ಲಾರಿಗೂ ಸಾಕು. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಎಷ್ಟು ಗಟಾರ ಆಗುತ್ತಿತ್ತಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ಮರುವರ್ಷ ಅದೇ ನಿಧಿಯಿಂದ ಸಿಮೆಂಟ್ ರಸ್ತೆಯಾಯಿತು. ಈ ಊರಿನಲ್ಲಿ ಹಳೆಯ ರಸ್ತೆಯನ್ನು ಅಗೆದು ತೆಗೆಯುವ ಗೋಜಿಗೆ ಯಾರೂ ಹೋಗುವುದಿಲ್ಲ, ಅದರ ಮೇಲೆಯೇ ಕಾಂಕ್ರೀಟ್ ಸುರಿಯುತ್ತಾರೆ. ಬಸ್ತಿಯ ಬಾಯಲ್ಲಿ ನೆಲ ಒಂದೂವರೆ ಅಡಿ ಮೇಲೇರಿತು. ಕಮಾನಿನದು ಒಂದು ಕಡತ, ರಸ್ತೆಯದು ಇನ್ನೊಂದು ಕಡತ. ರಸ್ತೆ ಹಾಕಿದವರು ತಲೆ ಎತ್ತಿ ನೋಡಲಿಲ್ಲ. ಕಸದ ಲಾರಿಗಳಿಗೆ ಬೇರೆಯೇ ಗೇಟಿತ್ತು, ಕಮಾನಿನಡಿ ಹಾಯುತ್ತಿದ್ದುದು ಆಟೋ, ಟೆಂಪೊ, ಚಿಕ್ಕ ನೀರಿನ ಟ್ಯಾಂಕರ್ ಅಷ್ಟೇ. ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಕಸದ ಗುಡ್ಡದ ಪೂರ್ವದ ಇಳಿಜಾರಿನಲ್ಲಿ ತೆಳ್ಳಗೆ ಬಿಳಿ ಹೊಗೆ ಕಂಡಿತು. ಕಲ್ಲಿದ್ದಲು ರಾಶಿಯ ಬೆಂಕಿ ನೋಡಿದವಳು ನಾನು. ಹೊರಗೆ ಹೊಗೆ ಕಾಣುವಷ್ಟರಲ್ಲಿ ಒಳಗೆ ಕೆಂಡವಾಗಿರುತ್ತದೆ. ಕಸದಲ್ಲಿ ಇನ್ನೂ ಕಷ್ಟ, ಕೊಳೆಯುವಾಗ ಮಿಥೇನ್ ಅನಿಲ ಹುಟ್ಟುತ್ತದೆ, ಅದೇ ಬೆಂಕಿಗೆ ಮೇವು. ಆ ಇಳಿಜಾರಿನ ಬುಡದಲ್ಲೇ ಸಮಾಧಾನ ನಗರದ ಕೊನೆಯ ಗಲ್ಲಿ. ತಗಡು, ತಾಡಪತ್ರಿಯ ಮನೆಗಳು. ಆಯ್ದು ತಂದ ಪ್ಲಾಸ್ಟಿಕ್ಕನ್ನು ಮಾರುವ ತನಕ ಜನ ಮಾಡಿನ ಮೇಲೆಯೇ ಪೇರಿಸಿಡುತ್ತಿದ್ದರು. ಒಳಗೆ ಗ್ಯಾಸ್ ಸಿಲಿಂಡರುಗಳು.

ಗಾಳಿ ಬಸ್ತಿಯ ಕಡೆಗೇ ಬೀಸುತ್ತಿತ್ತು. ಘಟಕದ ಒಳದಾರಿಯನ್ನು ಹೊಗೆ ಮುಚ್ಚಿಬಿಟ್ಟಿತು. ಗಲ್ಲಿಯನ್ನು ತಲುಪಲು ಉಳಿದದ್ದು ಕಮಾನಿನ ದಾರಿ ಒಂದೇ. ಮೊದಲು ಬಂದ ಚಿಕ್ಕ ಫೈರ್ ಇಂಜಿನ್ ಒಳಗೆ ಹೋಯಿತು, ಅದರ ನೀರು ನೋಡನೋಡುತ್ತಲೇ ಖಾಲಿಯಾಯಿತು. ಆಮೇಲೆ ದೊಡ್ಡದು ಬಂತು, ಮೇಲೆ ನೀರು ಚಿಮ್ಮುವ ತೋಪು ಇರುವಂಥದ್ದು. ಕಮಾನಿನ ಮುಂದೆ ಬಂದು ನಿಂತುಬಿಟ್ಟಿತು. ಚಾಲಕ ಕೆಳಗಿಳಿದ, ಕತ್ತೆತ್ತಿ ನೋಡಿದ.

“ನಹೀ ಜಾಯೇಗಾ, ಮೇಡಂ.”

ರಸ್ತೆ ಮೇಲೇರಿದ್ದರಿಂದ ಎತ್ತರ ಒಂದು ಗೇಣು ಕಡಿಮೆ ಬಿದ್ದಿತ್ತು. ಟೈರಿನ ಗಾಳಿ ಬಿಡಿ ಎಂದೆ. ನಾಲ್ಕು ಬೆರಳು ಇಳಿಯಬಹುದು, ಇಷ್ಟು ನೀರಿನ ಭಾರ ಹೊತ್ತು ಚಪ್ಪಟೆ ಟೈರಿನಲ್ಲಿ ಗಾಡಿ ತಿರುಗುವುದೇ ಇಲ್ಲ ಎಂದ. ಇದ್ದ ಪೈಪುಗಳನ್ನೆಲ್ಲ ಜೋಡಿಸಿದರೂ ಬಸ್ತಿಯ ಅರ್ಧದಷ್ಟೂ ಮುಟ್ಟುತ್ತಿರಲಿಲ್ಲ.

ಘಟಕದ ಜೆಸಿಬಿ ತರಿಸಿದೆ. ಅದರ ಸದ್ದು ಕೇಳಿದ್ದೇ ತಡ, ಹತ್ತಾರು ಹುಡುಗರು ಬಂದು ಕಮಾನಿಗೆ ಅಡ್ಡ ನಿಂತರು. ಮೇಡಂಗೆ ಮೊದಲಿನಿಂದಲೂ ಕಮಾನಿನ ಮೇಲೆ ಕಣ್ಣು, ಈಗ ಬೆಂಕಿಯ ನೆಪ ಎಂದು ಒಬ್ಬ ಕೂಗಿದ. ಜೆಸಿಬಿಯವನು ಇಂಜಿನ್ ಆರಿಸಿ ಕೈಕಟ್ಟಿ ಕೂತ. ನಾನು ಮೇಲಧಿಕಾರಿಗೆ ಫೋನ್ ಮಾಡಿದೆ. “ಪೊಲೀಸರು ಬರುವವರೆಗೆ ಮುಟ್ಟಬೇಡಿ. ಗಲಾಟೆಯಾದರೆ ಜವಾಬ್ದಾರಿ ನಿಮ್ಮದು,” ಎಂದು ಹೇಳಿ ಇಟ್ಟುಬಿಟ್ಟರು. ಆ ಕಡೆ ಒಂದು ಮಾಡಿನ ಪ್ಲಾಸ್ಟಿಕ್ ಭುಗ್ಗೆಂದು ಹೊತ್ತಿಕೊಂಡಿತು. ಜನ ಮುದುಕರನ್ನು ಮಂಚದ ಸಮೇತ ಹೊತ್ತು ತರುತ್ತಿದ್ದರು. ಇನ್ನೂ ಎಷ್ಟು ಜನ ಒಳಗಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಹೊಗೆಯಿಂದ ಶಾಂತಾಬಾಯಿ ಓಡುತ್ತಾ ಬಂದರು. ಮುಖವೆಲ್ಲ ಮಸಿ. ಅವರ ಮನೆ ಇದ್ದದ್ದು ಕಮಾನಿಗೆ ಅಂಟಿಕೊಂಡೇ, ಬೆಂಕಿ ಅಲ್ಲಿಗೆ ಬರುವ ಭಯವಿರಲಿಲ್ಲ. ಆ ಭಾನುವಾರ ಕಾಮಠಿಯಿಂದ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಶಾಂತಾಬಾಯಿ ಕಮಾನಿನ ಗುರುತು ಹೇಳಿ ಅವರನ್ನು ಕರೆದಿದ್ದರು. ಅದಕ್ಕೆಂದೇ ಹಿಂದಿನ ದಿನ ಏಣಿ ಹಾಕಿಸಿ ನೀಲಿ ಅಕ್ಷರಗಳನ್ನು ತಾವೇ ತೊಳೆದಿದ್ದರು. ನನಗೆ ಇದೆಲ್ಲ ಗೊತ್ತಿತ್ತು. ಇಷ್ಟು ದಿನ ಆ ಕಮಾನನ್ನು ಬೈದವಳು ನಾನು, ಈಗ ಕೆಡವಿ ಎಂಬ ಮಾತು ನನ್ನ ಬಾಯಿಂದಲೇ ಹೊರಡಲಿಲ್ಲ.

ಅವರು ಇಂಜಿನ್ ನೋಡಿದರು, ಕಮಾನು ನೋಡಿದರು.

“ಎಷ್ಟು ಕಡಿಮಿ ಬಿದ್ದದ?”

“ಒಂದು ಗೇಣು.”

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹುಡುಗರ ನಡುವೆ ನುಗ್ಗಿದರು. “ಮೌಶಿ, ನಮ್ಮ ಹೆಸರದು,” ಎಂದು ಮುಂದಿದ್ದವನು ಮರಾಠಿಯಲ್ಲಿ ಅಂದ. ಶಾಂತಾಬಾಯಿ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಹೆಸರು ಹೇಳಲು ಜನ ಉಳಿಯಬೇಕಲ್ಲೋ, ಉಳಿದರೆ ಮತ್ತೆ ಬರೆಸೋಣ ಎಂದರು. ಜೆಸಿಬಿಯ ಬದಿಗೆ ಅಂಗೈಯಿಂದ ಬಡಿದು, “ಪಾಡ್,” ಎಂದರು. ಕೆಡವು ಎಂದರ್ಥ.

ತೊಲೆ ಎರಡನೆಯ ಏಟಿಗೆ ಕುಸಿಯಿತು. ಅಡ್ಡ ನಿಂತಿದ್ದ ಹುಡುಗರೇ ಬರಿಗೈಯಲ್ಲಿ ಕಾಂಕ್ರೀಟ್ ಎಳೆದು ದಾರಿ ಮಾಡಿದರು. ಒಬ್ಬನ ಅಂಗೈ ಕಬ್ಬಿಣದ ಸರಳಿಗೆ ಸಿಕ್ಕಿ ಹರಿಯಿತು, ಅವನು ಅದನ್ನು ನೋಡಿದ್ದು ಇಂಜಿನ್ ಹಾಯ್ದು ಹೋದ ಮೇಲೆ. ಸಂಜೆಯವರೆಗೂ ಒಂದೆಡೆಯಿಂದ ನೀರು, ಇನ್ನೊಂದೆಡೆಯಿಂದ ಗುಡ್ಡದ ಮೇಲೆ ಮಣ್ಣು. ಮಣ್ಣು ಮುಚ್ಚದಿದ್ದರೆ ಇಂಥ ಬೆಂಕಿಯ ಉಸಿರು ಕಟ್ಟುವುದಿಲ್ಲ. ನಾಲ್ಕು ಮನೆ ಸುಟ್ಟವು. ಜೀವ ಒಂದೂ ಹೋಗಲಿಲ್ಲ.

ಭಾನುವಾರ ಗಂಡಿನ ಕಡೆಯವರು ಬಂದರು. ಎರಡು ಮೋಟು ಕಂಬಗಳು, ಮೇಲೆ ಸೊಟ್ಟ ಸರಳುಗಳು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಚಹಾ ಕುಡಿದರು, ಹೇಳಿ ಕಳಿಸುತ್ತೇವೆ ಎಂದು ಹೋದರು. ಹೇಳಿ ಕಳಿಸಲಿಲ್ಲ. ನನ್ನ ಕೋಣೆಗೆ ಬಂದು ಈ ಸುದ್ದಿ ಹೇಳುತ್ತಾ ಶಾಂತಾಬಾಯಿ ಅತ್ತರು. ಬೆಂಕಿಯ ದಿನ ಅಳದ ಹೆಂಗಸು. ನನಗೂ ತಡೆಯಲಾಗಲಿಲ್ಲ.

ಮುಂದಿನ ನಿಧಿ ಸಭೆಗೆ ನಾನು ಕೊನೆಯ ಗಲ್ಲಿಗೆ ನೀರಿನ ಹೈಡ್ರಂಟ್, ಗುಡ್ಡಕ್ಕೂ ಮನೆಗಳಿಗೂ ನಡುವೆ ಅಗಲವಾದ ದಾರಿ ಎಂದು ಬರೆದುಕೊಂಡು ಹೋದೆ. ಎಲ್ಲರೂ ಒಪ್ಪಿದರು. ಆಮೇಲೆ ಶಾಂತಾಬಾಯಿ ಕೈ ಎತ್ತಿದರು.

“ಕಮಾನು ಬೇಕ್ರಿ, ಅಕ್ಕಾರ.”

ಇಡೀ ಸಭೆ ನನ್ನ ಮುಖ ನೋಡಿತು, ಈಗ ಶುರುವಾಯಿತು ಎಂಬಂತೆ.

“ಎತ್ತರ ಎಷ್ಟಿಡೋಣ್ರಿ?” ಎಂದು ಕೇಳಿದೆ.

ಹೊಸ ಕಂಬಗಳು ಎದ್ದ ಮೇಲೆ, ತೊಲೆ ಕೂರಿಸುವ ಮುನ್ನ, ಆ ಎತ್ತರಕ್ಕೆ ಒಂದು ಹಗ್ಗ ಕಟ್ಟಿಸಿ, ಅದೇ ದೊಡ್ಡ ಇಂಜಿನ್ ತರಿಸಿ ಕೆಳಗೆ ಓಡಿಸಿದೆವು. ಹಗ್ಗ ಅಲುಗಲಿಲ್ಲ. ಶಾಂತಾಬಾಯಿ ಚಾಲಕನಿಗೆ ತೆಂಗಿನಕಾಯಿ ಕೊಟ್ಟು, ಮುಂದಿನ ಸಲ ಊಟಕ್ಕೆ ಬಾ, ಬೆಂಕಿಗೆ ಬರಬೇಡ ಎಂದು ಹಿಂದಿಯಲ್ಲಿ ಕಾಲೆಳೆದರು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಜನ ಮೊದಲು ಕೇಳಿದ್ದನ್ನು ಇಂಜಿನಿಯರು ಗೇಲಿ ಮಾಡಬಾರದು, ಅದು ಎಲ್ಲರಿಗೂ ಸಿಕ್ಕು ಅವರಿಗೆ ಮಾತ್ರ ಸಿಗದೇ ಉಳಿದದ್ದಾಗಿರುತ್ತದೆ. ಅದನ್ನು ಕಟ್ಟಿಕೊಡಬೇಕು, ಅದರ ಕೆಳಗೆ ಫೈರ್ ಇಂಜಿನ್ ಹಾಯುವ ಹಾಗೆ ಕಟ್ಟಿಕೊಡಬೇಕು. ಹೊಸ ಕೆಲಸ ಶುರು ಮಾಡುವ ಮೊದಲು ಹಿಂದಿನ ಕೆಲಸದ ಕೆಳಗೆ ಹೋಗಿ ನಿಂತು ನೋಡಬೇಕು.

ಹೋದ ಚಳಿಗಾಲದಲ್ಲಿ ಶಾಂತಾಬಾಯಿಯ ಮಗಳ ನಿಶ್ಚಿತಾರ್ಥ. ಅಷ್ಟು ಹೊತ್ತಿಗೆ ನಾನು ಆ ಕೆಲಸವನ್ನೂ ಬಿಟ್ಟಿದ್ದೆ. ಅಂದು ರಾಮದಾಸಪೇಠಿನ ಕಣ್ಣಾಸ್ಪತ್ರೆಯ ಕೆಲಸ ಮುಗಿಸಿ, ನಿಶ್ಚಿತಾರ್ಥಕ್ಕೆಂದು ಅಲ್ಲಿಂದಲೇ ಆಟೋ ಹತ್ತಿ ಸಮಾಧಾನ ನಗರ ಎಂದೆ. ಇನ್ನೇನು ಗುರುತು ಹೇಳಬೇಕೋ ಎಂದು ಯೋಚಿಸುತ್ತಿರುವಾಗಲೇ ಆಟೋದವನು ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದ.

“ವೋ ಕಮಾನ್‌ವಾಲಾ ನಾ?”

“ಹೌದಪ್ಪಾ, ಅದೇ,” ಎಂದೆ. ಕನ್ನಡದಲ್ಲಿ ಹೇಳಿದೆನೆಂದು ಗೊತ್ತಾಗುವಷ್ಟರಲ್ಲಿ ಆಟೋ ಹೊರಟಾಗಿತ್ತು.