ಮೈಕಿನ ಬೂನ್ ಪಿನ್ ಮತ್ತು ಮೂವರು ಕಾದಂಬರಿಕಾರರು

ಮಲೇಷ್ಯಾದ ನಮ್ಮ ಪೆನಾಂಗಿನಲ್ಲಿ ಸಾಯುವ ಯೋಚನೆಯಿದ್ದರೆ ಖೋರ್ ಬೂನ್ ಪಿನ್‌ಗೆ ಮೊದಲೇ ಒಂದು ಮಾತು ಹೇಳಿಡಬೇಕು ಅನ್ನುತ್ತಾರೆ. ಸಾವಿನ ಮನೆಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವವನು ಅವನೇ. ಅವನ ಅಂಗಡಿಗೆ ಅಂಟಿಕೊಂಡೇ ನನ್ನ ಮುದ್ರಣದ ಮಳಿಗೆ. ಮೂವತ್ತು ವರ್ಷ ಅವನ ‘ಹಲೋ, ಒಂದು, ಎರಡು’ ಕೇಳಿಕೊಂಡೇ ಮುದುಕನಾಗಿದ್ದೇನೆ. ಆರನೇ ತರಗತಿಗೇ ಶಾಲೆಗೆ ಶರಣು ಹೊಡೆದ ಬೂನ್ ಪಿನ್‌ಗೆ ಪುಸ್ತಕವೆಂದರೆ ಸ್ಪೀಕರಿನ ಕಾಲ ಕೆಳಗೆ ಇಡುವ ವಸ್ತು. ಆದರೆ ಅವನು ಕೇಳಿದಷ್ಟು ಭಾಷಣಗಳನ್ನು ಊರಲ್ಲಿ ಇನ್ಯಾರೂ ಕೇಳಿಲ್ಲ.

ಕಳೆದ ವರ್ಷ ಊರಿನ ಚೀನೀಯರ ಕುಲಸಂಘದ ಸಭಾಂಗಣದಲ್ಲಿ ಮೂವರು ಹೆಸರಾಂತ ಕಾದಂಬರಿಕಾರರ ವಾಚನ ಏರ್ಪಾಡಾಯಿತು. ಮೂವರೂ ನಮ್ಮ ಚೀನೀ ಮನೆತನಗಳ ಮಕ್ಕಳೇ. ಊರು ಬಿಟ್ಟು ಲಂಡನ್, ಸಿಡ್ನಿ, ವ್ಯಾಂಕೂವರ್ ಸೇರಿದ ಮೇಲೆ ಊರನ್ನು ವಿಪರೀತ ಪ್ರೀತಿಸತೊಡಗಿದವರು. ಎರಡಕ್ಕೆ ಶುರು, ನಾಲ್ಕಕ್ಕೆ ಮುಕ್ತಾಯ ಎಂದು ಮಾತಾಗಿತ್ತು. ಐದಕ್ಕೆ ಅದೇ ಮೈಕು ಆಯರ್ ಈತಮ್ ಬಡಾವಣೆಯ ಒಂದು ಸಾವಿನ ಮನೆ ಸೇರಬೇಕಿತ್ತು.

ಮೊದಲನೆಯವರು ಚಿಕ್ಕಂದಿನಲ್ಲೇ ಬೆಳೆಯದಂತೆ ಬಿಗಿದು ಕಟ್ಟಿದ್ದ ಅಜ್ಜಿಯ ಪಾದಗಳ ಬಗ್ಗೆ ಓದಿದರು. ಎರಡನೆಯವರು ಅಜ್ಜಿಯ ಪಚ್ಚೆಬಳೆಯ ಬಗ್ಗೆ. ಮೂರನೆಯವರಾದ ಲಂಡನ್ನಿನ ಆಲ್ಫ್ರೆಡ್ ಸಾ, ಅಜ್ಜಿಯ ಮೌನದ ಬಗ್ಗೆ ನಲವತ್ತು ನಿಮಿಷ ಓದಿದರು. ಕೌಲಾಲಂಪುರದಿಂದ ಬಂದಿದ್ದವರು ಕಣ್ಣೊರೆಸಿಕೊಂಡರು.

“ಮೂರೂ ಜನಕ್ಕೆ ಅಜ್ಜಿನೇ ಗತಿ,” ಎಂದು ಬೂನ್ ಪಿನ್ ನನ್ನ ಕಿವಿಯಲ್ಲಿ ಗೊಣಗಿದ. “ಇವರ ತಾತಂದಿರೆಲ್ಲ ಎಲ್ ಸತ್ರು?”

ನಾಲ್ಕೂ ಇಪ್ಪತ್ತಾಯಿತು. ಅವನು ಸಂಘಟಕಿ ಮಿಸ್ ಟೆಹ್ ಬಳಿ ಹೋಗಿ ಗಡಿಯಾರ ತೋರಿಸಿದ.

“ಪ್ರಶ್ನೋತ್ತರ ಇದೆ ಅಂಕಲ್. ಸತ್ತೋರು ಸ್ವಲ್ಪ ಕಾಯ್ತಾರೆ ಬಿಡಿ.”

“ಸತ್ತೋರು ಎಷ್ಟೊತ್ತಾದ್ರೂ ಕಾಯ್ತಾರಮ್ಮ, ಮಂತ್ರ ಹೇಳೋ ಭಿಕ್ಷುಗಳು ಕಾಯಲ್ಲ. ಆರಕ್ಕೆ ಅವರಿಗೆ ಇನ್ನೊಂದ್ ಹೆಣ ಇದೆ.”

ಹಾಗೆಂದವನೇ ವೇದಿಕೆ ಹತ್ತಿದ. ಓದುಗನೊಬ್ಬ ಭಾವ ತಡೆಯಲಾರದೆ ಬಂದನೆಂದು ಆಲ್ಫ್ರೆಡ್ ಸಾ ಕರಗಿಹೋದರು.

“ಬನ್ನಿ ಅಂಕಲ್, ನಿಮ್ ಕಥೆ ಹೇಳಿ. ದನಿ ಇಲ್ಲದ ನಿಮ್ಮಂಥವರಿಗೋಸ್ಕರಾನೇ ನಾನು ಬರಿಯೋದು.”

“ನನ್ ದನಿಗೇನಾಗಿದೆ ಸಾರ್? ಮೈಕ್ ಬೇಕಾಗಿರೋದು ನಿಮಗೆ.”

ಇದೂ ಕಾರ್ಯಕ್ರಮದ ಭಾಗವೆಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಬೂನ್ ಪಿನ್ ನಿಧಾನವಾಗಿ ವೈರು ಸುತ್ತಿ, ಮೈಕು ಕಿತ್ತುಕೊಂಡು ಇಳಿದ. ಆಲ್ಫ್ರೆಡ್ ಸಾ ಮೈಕಿಲ್ಲದೆಯೇ ಮತ್ತೊಂದು ಪುಟ ಓದಲು ನೋಡಿದರು. ಫ್ಯಾನುಗಳ ಗಡಗಡದಲ್ಲಿ ಅಜ್ಜಿ ನಿಜಕ್ಕೂ ಮೌನಿಯಾದಳು. ಜನ ಎದ್ದು ತಿಂಡಿಯ ಮೇಜಿಗೆ ನಡೆದರು.

ಸ್ಪೀಕರು ಹೊರಲು ನಾನೂ ಅವನ ಜೊತೆಗೆ ಸಾವಿನ ಮನೆಗೆ ಹೋದೆ. ತೀರಿಕೊಂಡಿದ್ದವಳು ಬೀದಿಯಲ್ಲಿ ಪೋಪಿಯಾ ಎಂಬ ತರಕಾರಿ ಸುರುಳಿ ಮಾರುತ್ತಿದ್ದ ಹೆಂಗಸು. ಅವಳ ಮಗ ಮೈಕು ಹಿಡಿದು, “ಅಮ್ಮ ದಿನಾ ಬೈತಿದ್ಲು. ಇವತ್ತು ಬೈಲಿಲ್ಲ,” ಎಂದಷ್ಟೇ ಹೇಳಿ ನಿಂತುಬಿಟ್ಟ. ಬೂನ್ ಪಿನ್ ಮೈಕು ಆರಿಸಲು ಹೋಗಲಿಲ್ಲ. ಊದುಬತ್ತಿ ಹೊಗೆ ಜಾಸ್ತಿಯಾಯಿತೆಂದು ಬೈಯುತ್ತ ಮುಖ ಒರೆಸಿಕೊಂಡ.

ಆರು ತಿಂಗಳಿಗೆ ಆಲ್ಫ್ರೆಡ್ ಸಾ ಅವರ ಹೊಸ ಕಥೆ ಪತ್ರಿಕೆಯಲ್ಲಿ ಬಂತು. ಅದರಲ್ಲೊಬ್ಬ ಮೈಕಿನ ಮುದುಕ. ಹುಟ್ಟು ಮೂಗ, ಸದಾ ಅಳುತ್ತಿರುತ್ತಾನೆ. ನಾನು ಓದಿ ಹೇಳಿದೆ.

“ಮೂಗನಾ?” ಎಂದ ಬೂನ್ ಪಿನ್. “ನನ್ ಹೆಂಡ್ತಿಗೆ ಓದಿ ಹೇಳು. ಪಾಪ, ಅವಳಾದ್ರೂ ಖುಷಿಪಡ್ಲಿ.”

ಈ ವರ್ಷದ ವಾಚನಕ್ಕೆ ಮಿಸ್ ಟೆಹ್ ಮೈಕನ್ನು ಕಡಲಾಚೆಯ ಬಟರ್‌ವರ್ತಿನಿಂದ ತರಿಸಿದಳು. ಬೂನ್ ಪಿನ್ ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ತೊಟ್ಟು ಹೋಗಿ ಮುಂದಿನ ಸಾಲಿನಲ್ಲೇ ಕೂತ. ಮೈಕು ಕೀಂಯ್ ಎಂದು ಕಿರುಚಿದಾಗಲೆಲ್ಲ ಅವನೊಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದ.